ತೆಲುಗಿನ ಅವ್ವ

ಆದವಾನಿಯ ಹತ್ತಿ ಮಿಲ್ಲಿನಲ್ಲಿ ಊಟದ ಬಿಡುವು. ಅಮೂಲ್ಯ ತನ್ನ ಫೋನನ್ನು ನೀರಿನ ಕೊಡಕ್ಕೆ ಒರಗಿಸಿಟ್ಟಳು. ಹುಲುಗಮ್ಮ ತಲೆಗೆ ಅಂಟಿದ್ದ ಹತ್ತಿ ಎಳೆಗಳನ್ನು ಕೊಡವಿ ಮುಂದೆ ಬಂದು ಕೂತಳು. ತೆಲುಗು ಚಾನೆಲ್ಲಿನಲ್ಲಿ ಭುವನಾಳ ಸಂದರ್ಶನವಿತ್ತು.

ಇಂದು ಸಿನಿಮಾದ ಹೀರೋಯಿನ್ ಆಗಿರುವ ಭುವನಾ, ಏಳು ವರ್ಷದ ಕೆಳಗೆ ಹಾಲಹರವಿಯ ನಾಟಕದಲ್ಲಿ ಮೊದಲ ಸಲ ಬಣ್ಣ ಹಚ್ಚಿದ್ದಳು. ಮಗಳ ಪಾತ್ರ ಆಕೆಯದು, ತಾಯಿಯದು ಹುಲುಗಮ್ಮನದು. ಹುಡುಗಿಗೆ ಅಳಲು ಬರುತ್ತಿರಲಿಲ್ಲ.

"ಕಣ್ಣಾಗ ನೀರು ತರಬ್ಯಾಡ, ಗಂಟಲಾಗ ತಡಿ. ಒಂದ್ಸಲ ಉಗುಳು ನುಂಗಿ ಮಾತಾಡು, ಜನ ತಾವಾ ಅಳ್ತಾರ," ಎಂದು ಹುಲುಗಮ್ಮ ಕಲಿಸಿದ್ದಳು. ಮೂರು ವರ್ಷ ಇಬ್ಬರೂ ಊರೂರು ತಿರುಗಿದರು. ರಂಗದ ಮೇಲೂ ಕೆಳಗೂ ಭುವನಾ ಕರೆಯುತ್ತಿದ್ದದ್ದು ಅವ್ವ ಎಂದೇ.

ಈಗ ಹುಲುಗಮ್ಮನಿಗೆ ಪಾತ್ರ ಕೊಡುವವರಿಲ್ಲ. ಭುವನಾಳಿಗೆ ಕಲಿಸಿದ್ದು ತಾನೇ ಎಂದರೆ ನಂಬುವವರೂ ಇಲ್ಲ. ನಾಟಕದ ಮಾಸ್ತರ ಪಂಪಣ್ಣ ನಕ್ಕು, "ಆಕಿ ಬಾಯಾಗ ನಿನ್ನ ಸುದ್ದಿ ಒಂದ್ಸಲ ಬರ್ಲಿ ಬೇ, ಈ ವರ್ಷ ತಾಯಿ ಪಾತ್ರ ನಿಂದಾ," ಎಂದಿದ್ದ.

ಆಂಕರ್ ತೆಲುಗಿನಲ್ಲಿ ಕೇಳಿದಳು, ನಿಮ್ಮನ್ನು ಸ್ಟೇಜು ಹತ್ತಿಸಿದವರು ಯಾರು ಎಂದು.

"ಮಾ ಅವ್ವ," ಎಂದಳು ಭುವನಾ.

ಹುಲುಗಮ್ಮನ ರೊಟ್ಟಿ ಕೈಯಲ್ಲೇ ಉಳಿಯಿತು. "ಕೇಳಿದ್ರೇನು?" ಎಂದು ಸುತ್ತ ನೋಡಿದಳು.

ತೆಲುಗಿನಲ್ಲಿ ಅವ್ವ ಎಂದರೆ ಅಜ್ಜಿ. ನಿಮ್ಮ ಅಜ್ಜಿ ಈಗ ಎಲ್ಲಿದ್ದಾರೆ ಎಂದು ಆಂಕರ್ ಕೇಳಿದಳು. ತಿದ್ದುವವಳ ಹಾಗೆ ಭುವನಾ ಬಾಯಿ ತೆರೆದಳು. ಮುಚ್ಚಿದಳು. ಒಮ್ಮೆ ಉಗುಳು ನುಂಗಿ, "ಚನಿಪೋಯಿಂದಿ," ಎಂದಳು. ತೀರಿಕೊಂಡಳಂತೆ. ಆಂಕರ್ ಕಣ್ಣೊರೆಸಿಕೊಂಡಳು.

"ಅಯ್ಯ ಹುಲುಗಮ್ಮತ್ತಿ, ಬದುಕಿದ್ದಂಗಾ ಕಳಿಸಿಬಿಟ್ಳಲ್ಲ ನಿನ್ನ," ಎಂದಳು ಅಮೂಲ್ಯ.

"ಕನ್ನಡದಾಗ ಇನ್ನೂ ಅದೀನಿ ಬಿಡು. ತೆಲುಗಿನಾಗ ಸತ್ತೀನಿ."

ಹೆಂಗಸರು ನಕ್ಕರು. ಅಮೂಲ್ಯಳೇ ಪಂಪಣ್ಣನಿಗೆ ಫೋನು ಹಚ್ಚಿಕೊಟ್ಟಳು. ಅವನೂ ಸಂದರ್ಶನ ನೋಡಿದ್ದ.

"ಅವ್ವ ಅಂದ್ಳಲ್ರೀ ಮಾಸ್ತರ. ಅದು ನಾನಾ."

"ಸತ್ತಾಳ ಅಂತನೂ ಅಂದ್ಳಲ್ಲಬೇ. ಈಗ ಆಕಿ ಹೇಳಿದ್ದು ನಿನ್ನಾ ಅಂದ್ರ ಜನ ನಗ್ತಾರ. ತಾಯಿ ಪಾತ್ರಕ್ಕ ಬಳ್ಳಾರಿಯ ಒಬ್ಬ ಹೆಣ್ಮಗಳಿಗೆ ಹೇಳೀನಿ."

ಹುಲುಗಮ್ಮ ಫೋನನ್ನು ಸೆರಗಿನಿಂದ ಒರೆಸಿ ಹಿಂದಕ್ಕೆ ಕೊಟ್ಟಳು.

"ಭುವನಾಗರ ಫೋನು ಮಾಡ್ಲೇನು?" ಎಂದಳು ಅಮೂಲ್ಯ.

"ಆಕಿ ನಂಬರ್ ಬದಲಾಗಿ ನಾಲ್ಕು ವರ್ಷ ಆತು. ಆ ತುಂಡು ಇನ್ನೊಂದ್ಸಲ ಹಾಕು."

ಭುವನಾ ಮತ್ತೆ ಬಾಯಿ ತೆರೆದಳು, ಮುಚ್ಚಿದಳು, ನುಂಗಿದಳು.

"ಸರಿ ಕಲ್ತಾಳ," ಎಂದಳು ಹುಲುಗಮ್ಮ. ಉಳಿದ ರೊಟ್ಟಿಯನ್ನು ಬಟ್ಟೆಯಲ್ಲಿ ಸುತ್ತಿಟ್ಟು, ಸೈರನ್ ಆಗುವ ಮೊದಲೇ ಎದ್ದು ಹತ್ತಿಯ ಕಸ ಆರಿಸಲು ಹೋದಳು.