ನಾಲ್ಕನೆಯ ಗೆರೆ

ಆ ನೊಣ ಗಾಜಿನ ಚೌಕಟ್ಟಿನೊಳಗೆ ಅಂಗೈಯಷ್ಟು ದೊಡ್ಡದಾಗಿ ಕುಳಿತಿತ್ತು. ಬೂದು ಬಣ್ಣದ ಬೆನ್ನು, ಅದರ ಉದ್ದಕ್ಕೆ ನಾಲ್ಕು ಕಪ್ಪು ಗೆರೆ. ರೇಷ್ಮೆ ಕಚೇರಿಯಲ್ಲಿ ಅಧಿಕಾರಿ ವಾಸುದೇವಮೂರ್ತಿಯವರ ಕುರ್ಚಿಯ ಹಿಂದೆ, ದೇವರ ಪಟ ಇರಬೇಕಾದ ಜಾಗದಲ್ಲಿ ಆ ಫೋಟೊ ತೂಗುತ್ತಿತ್ತು. ಹನ್ನೊಂದು ವರ್ಷ ನಾನು ಅದರ ಎದುರಿಗೇ ಕುಳಿತು ಕೆಲಸ ಮಾಡಿದೆ. ನಮ್ಮ ಮನೆಯನ್ನು ಹಾಳು ಮಾಡಿದ್ದು ಅದೇ ನೊಣ.

ಊಜಿ ನೊಣ ಎಂದರೆ ಸಾಕು, ರೇಷ್ಮೆ ಸಾಕುವವರ ಬಾಯಿ ಒಣಗುತ್ತದೆ. ಅದು ಹುಳುವಿನ ಮೈಮೇಲೆ ಮೊಟ್ಟೆಯಿಟ್ಟು ಹಾರಿಹೋಗುತ್ತದೆ. ಮರಿ ಹುಳುವಿನೊಳಕ್ಕೆ ಹೊಕ್ಕು, ಅದನ್ನೇ ತಿಂದು, ಕಟ್ಟಿದ ಗೂಡನ್ನು ತೂತು ಮಾಡಿಕೊಂಡು ಹೊರಗೆ ಬರುತ್ತದೆ. ನಮ್ಮಪ್ಪ ಚನ್ನಿಗರಾಯಪ್ಪ ಬಿತ್ತನೆಗೂಡು ಬೆಳೆಯುತ್ತಿದ್ದ. ಊರವರೆಲ್ಲ ಸಾಕುವ ಹುಳುವಿನ ಮೊಟ್ಟೆ ನಮ್ಮ ಮನೆಯ ಗೂಡಿನಿಂದಲೇ ಹೋಗಬೇಕಿತ್ತು. ಹಾಗಾಗಿ ನಮ್ಮಲ್ಲಿ ಊಜಿ ಬಂತೆಂದರೆ ಊರಿಗೇ ಬಂದಂತೆ.

ನಾನಾಗ ಹನ್ನೆರಡರವಳು. ಹುಳುಗಳು ನಾಲ್ಕನೇ ಜ್ವರದಿಂದ, ಅಂದರೆ ಪೊರೆ ಬಿಡುವ ಕೊನೆಯ ನಿದ್ದೆಯಿಂದ ಎದ್ದು, ಇನ್ನೇನು ಗೂಡು ಕಟ್ಟಬೇಕು ಎನ್ನುವಾಗ ವಾಸುದೇವಮೂರ್ತಿ ತಪಾಸಣೆಗೆ ಬಂದರು. ಕಿಟಕಿಯಲ್ಲಿ ಸತ್ತು ಬಿದ್ದಿದ್ದ ಒಂದು ನೊಣವನ್ನು ಹತ್ತಿಯಲ್ಲಿ ಸುತ್ತಿಕೊಂಡು ಹೋದರು. ಎರಡು ದಿನ ಬಿಟ್ಟು ಫೋಟೊ ಹಿಡಿದು ಬಂದವರೇ, "ನಾಲ್ಕು ಗೆರೆ. ಊಜಿ" ಎಂದರು.

"ನಮ್ಮನೇಲಿ ಇಲ್ಲ ಸ್ವಾಮಿ. ಗೂಡು ಕಟ್ಟಲಿ ಬಿಡಿ, ಒಂದು ತೂತು ಕಂಡ್ರೂ ನಾನೇ ಬೆಂಕಿ ಇಡ್ತೀನಿ," ಎಂದು ಅಪ್ಪ ಅಂಗಲಾಚಿದ.

ಅವರು ಕೇಳಲಿಲ್ಲ. ಹುಳುವಿದ್ದ ಅಷ್ಟೂ ತಟ್ಟೆಗಳನ್ನು ಅಂಗಳಕ್ಕೆ ತಂದು ಸುರಿದು ಸುಟ್ಟರು. ಮೊದಲು ಸೀಮೆಎಣ್ಣೆ ತಂದುಕೊಟ್ಟವನು ಪಕ್ಕದ ಮನೆಯ ಪಿಳ್ಳಪ್ಪ. ಅಪ್ಪನಿಗೆ 'ಊಜಿ ರಾಯಪ್ಪ' ಎಂದು ಹೆಸರಿಟ್ಟವನೂ ಅವನೇ. ಅಲ್ಲಿಂದಾಚೆಗೆ ಯಾರೂ ಅಪ್ಪನನ್ನು ತಮ್ಮ ಹುಳುಮನೆಯ ಹೊಸಿಲು ತುಳಿಯಗೊಡಲಿಲ್ಲ. ಹುಳು ಬಿಟ್ಟು ಬೇರೆ ಕೆಲಸ ಕಲಿಯದ ಮನುಷ್ಯ, ಕಲ್ಲು ಹೊರಲು ಹೋದ. ಎಂಟು ವರ್ಷಕ್ಕೆ ಸತ್ತ. ಹೆಣದ ಮುಂದೆ ಕೂತ ಹೆಂಗಸರು ಕೂಡ "ಊಜಿ ರಾಯಪ್ಪ ಹೋದ್ನಂತೆ" ಎಂದೇ ಪಿಸುಗುಟ್ಟಿದರು. ಅವರನ್ನು ಬೈಯಲು ನನಗೆ ಯಾವ ಮುಖವಿತ್ತು? ನಾನೂ ನಂಬಿದ್ದೆ. ಕಿಟಕಿಗೆ ಪರದೆ ನೆಟ್ಟಗೆ ಕಟ್ಟಿದ್ದರೆ ನಮಗೆ ಈ ಗತಿ ಬರುತ್ತಿರಲಿಲ್ಲ ಎಂದು ಒಮ್ಮೆ ಅವನ ಮುಖಕ್ಕೇ ಹೇಳಿದ್ದೆ. ಅಪ್ಪ ತಟ್ಟೆಯಲ್ಲಿದ್ದ ಮುದ್ದೆಯನ್ನು ಅರ್ಧಕ್ಕೆ ಬಿಟ್ಟು ಎದ್ದು ಹೋದ.

ಮುಂದೆ ನನಗೆ ಆ ಕಚೇರಿಯಲ್ಲೇ ಕೆಲಸ ಸಿಕ್ಕಿತು. ಊರೂರಿನಿಂದ ಬರುವ ಫೋಟೊಗಳನ್ನು ನೋಡಿ ಯಾವ ನೊಣ ಎಂದು ಹೇಳುವುದು ನನ್ನ ಕೆಲಸ. ಊಜಿಗೆ ಬೆನ್ನ ಮೇಲೆ ನಾಲ್ಕು ಗೆರೆ. ಕೊಳೆತದ್ದರ ಮೇಲೆ ಕೂರುವ ನೊಣವೂ ನೋಡಲು ಹೆಚ್ಚುಕಡಿಮೆ ಹಾಗೇ, ಆದರೆ ಮೂರೇ ಗೆರೆ. ಅದರಿಂದ ಹುಳುವಿಗೆ ತೊಂದರೆಯಿಲ್ಲ. ಸಾವಿರಾರು ಬೆನ್ನು ನೋಡಿ ನನ್ನ ಕಣ್ಣು ಪಳಗಿತು. ಗೋಡೆಯ ಮೇಲಿನ ನೊಣವನ್ನು ಮಾತ್ರ ನಾನು ಎಣಿಸಲು ಹೋಗಲಿಲ್ಲ. ಅದರತ್ತ ಕಣ್ಣು ಹೋದರೆ ಕಡತದೊಳಕ್ಕೆ ಮುಖ ತಗ್ಗಿಸಿಬಿಡುತ್ತಿದ್ದೆ.

ವಾಸುದೇವಮೂರ್ತಿ ನಿವೃತ್ತಿಯ ಹೊತ್ತಿಗೆ ನೊಣಗಳ ಬಗ್ಗೆ ಪುಸ್ತಕ ಬರೆದರು. "ಮೊದಲ್ನೇ ಪುಟಕ್ಕೆ ನನ್ನ ಊಜಿನೇ ಇರಲಮ್ಮ. ಗೋಡೇದು ಮಾಸಿದೆ, ಅದರದೇ ಇನ್ನೊಂದು ಪ್ರತಿ ಬೀರುವಿನಲ್ಲಿರಬೇಕು, ಹುಡುಕು," ಎಂದರು.

ಹುಡುಕಿದೆ. ಅದರ ಬದಲು ಮೂಲ ಫೋಟೊವೇ ಸಿಕ್ಕಿತು. ಗೋಡೆಯ ಮೇಲಿದ್ದ ಚಿತ್ರದಲ್ಲಿ ಬರೀ ಬೆನ್ನು. ಇದರಲ್ಲಿ ಇಡೀ ನೊಣ, ಅದರ ಕೆಳಗಿನ ಬಿಳಿ ರಟ್ಟು, ನೊಣಕ್ಕೆ ಚುಚ್ಚಿದ ಸೂಜಿ ಎಲ್ಲ ಇದ್ದವು. ಮೂರು ಗೆರೆಗಳು ಬೆನ್ನು ಮುಗಿದಲ್ಲಿ ನಿಂತಿದ್ದವು. ನಾಲ್ಕನೆಯದು ನಿಲ್ಲದೆ ರೆಕ್ಕೆಯ ಮೇಲೆ ಹಾದು, ರಟ್ಟಿನ ಮೇಲೂ ನೇರವಾಗಿ ಓಡಿತ್ತು. ಅದು ಸೂಜಿಯ ನೆರಳು.

ಫೋಟೊ ತಿರುಗಿಸಿದೆ. ಹಿಂದೆ ಪೆನ್ಸಿಲ್ಲಿನಲ್ಲಿ, ನಾನು ಹನ್ನೊಂದು ವರ್ಷ ಓದಿದ ಅದೇ ಕೈಬರಹ: "ಅಂಚು ಕತ್ತರಿಸಿ ದೊಡ್ಡದು ಮಾಡುವುದು. ರಟ್ಟು ಕಾಣಬಾರದು."

ಬರೀ ತಪ್ಪು ಮಾಡಿದ್ದರೆ ಬಿಟ್ಟುಬಿಡುತ್ತಿದ್ದೆನೋ ಏನೋ. ತಪ್ಪು ಎಂದು ಗೊತ್ತಾದ ಮೇಲೆ ಕತ್ತರಿ ಹಿಡಿದಿದ್ದರಲ್ಲ, ಅದಕ್ಕೆ ನನ್ನ ಮೈ ಉರಿದುಹೋಯಿತು. ಫೋಟೊವನ್ನು ಅವರ ಮೇಜಿನ ಮೇಲಿಟ್ಟು, "ಎಣಿಸಿ ಸಾರ್," ಎಂದೆ.

ಅವರು ಎಣಿಸಲಿಲ್ಲ. ಕನ್ನಡಕ ತೆಗೆದು ಒರೆಸುತ್ತಾ ಕುಳಿತರು. "ಗೊತ್ತಾಗೋ ಹೊತ್ತಿಗೆ ಎಲ್ಲ ಸುಟ್ಟಾಗಿತ್ತಮ್ಮ. ಆಮೇಲೆ ಹೇಳಿ ಏನು ಪ್ರಯೋಜನ?"

"ಯಾರ ಮನೆ ಅದು?"

"ಯಾರೋ ರಾಯಪ್ಪ. ಊಜಿ ರಾಯಪ್ಪ ಅಂತಿದ್ರು."

"ನಾನು ಅವರ ಮಗಳು."

ಹನ್ನೊಂದು ವರ್ಷದಲ್ಲಿ ಒಂದು ದಿನವೂ ಅವರು ನಿನ್ನ ತಂದೆ ಯಾರಮ್ಮ ಎಂದು ಕೇಳಿದವರಲ್ಲ. ಈಗ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ನನ್ನ ಮರ್ಯಾದೆ ಏನಾಗಬೇಕು ಹೇಳು. ಸನ್ಮಾನ ಇಟ್ಕೊಂಡಿದಾರೆ."

"ಸುಟ್ಟುಹೋಯ್ತು ಅಂದ್ಕೊಳ್ಳಿ. ಚಿತ್ರದ ಕೆಳಗೆ ನಿಜ ಬರೀರಿ, ಇಲ್ಲ ಅಂದ್ರೆ ಸನ್ಮಾನದಲ್ಲಿ ಈ ಫೋಟೊ ಹಿಡ್ಕೊಂಡು ನಾನೇ ವೇದಿಕೆ ಹತ್ತೀನಿ."

ಬರೆದರು. ಮೊದಲು 'ರಾಯಪ್ಪ' ಎಂದಷ್ಟೇ ಬರೆದಿದ್ದರು. ಹೊಡೆದುಹಾಕಿಸಿ ಪೂರ್ತಿ ಹೆಸರು ಬರೆಸಿದೆ. ಒಂದೊಂದು ಅಕ್ಷರಕ್ಕೂ ತಡೆದು ತಡೆದು ಬರೆದರು. ಅಯ್ಯೋ ಪಾಪ ಅನ್ನಿಸಿತೇ ಎಂದು ಯಾರಾದರೂ ಕೇಳಿದರೆ, ಇಲ್ಲ, ಅನ್ನಿಸಲಿಲ್ಲ. ಆ ಪುಟ ಹಾಗೆಯೇ ಅಚ್ಚಾಯಿತು. ಸನ್ಮಾನಕ್ಕೆ ಅವರು ಹುಷಾರಿಲ್ಲವೆಂದು ಹೇಳಿಕಳಿಸಿದರು.

ಪುಸ್ತಕ ಕೈಗೆ ಬಂದ ದಿನ ಬೆಳಗ್ಗೆಯೇ ನಮ್ಮ ಹಳೆಯ ಬೀದಿಗೆ ಹೋದೆ. ಪಿಳ್ಳಪ್ಪ ಜಗಲಿಯ ಮೇಲೆ ಕುಳಿತು ಹಿಪ್ಪುನೇರಳೆ ಸೊಪ್ಪು ಬಿಡಿಸುತ್ತಿದ್ದ. ಹಲ್ಲು ಬಿದ್ದು ಕೆನ್ನೆ ಒಳಗೆ ಹೋಗಿತ್ತು. "ಯಾರು, ರಾಯಪ್ಪನ ಮಗಳಾ? ಬಾರವ್ವ, ಕೂತ್ಕೋ," ಎಂದ.

ಕೂರಲಿಲ್ಲ. ಪುಟ ತೆರೆದು ಅವನ ಮಡಿಲಲ್ಲಿಟ್ಟೆ. "ಓದು ಮಾವ."

"ಕಣ್ಣು ಕಾಣಲ್ಲ ಕಣವ್ವ."

"ಕನ್ನಡಕ ಹಾಕ್ಕೋ. ನಾನು ನಿಂತಿರ್ತೀನಿ."

ಅವನು ಬೆರಳಿಟ್ಟುಕೊಂಡು ಓದತೊಡಗಿದ. "ಇದು ಊಜಿ ಅಲ್ಲ. ನಾಲ್ಕನೆಯ ಗೆರೆ ಸೂಜಿಯ ನೆರಳು. ಶ್ರೀ ಚನ್ನಿಗರಾಯಪ್ಪನವರ ಹುಳುಮನೆಯಲ್ಲಿ ಊಜಿ ಇರಲಿಲ್ಲ. ಇದು ತಿಳಿದೂ ನಾನು..." ಅಷ್ಟಕ್ಕೆ ಅವನ ದನಿ ಇಳಿದುಹೋಯಿತು. ಪುಸ್ತಕ ಮುಚ್ಚಲು ನೋಡಿದ. "ಹೋದೋರು ಹೋದ್ರು. ಈಗ್ಯಾಕವ್ವ ಅದೆಲ್ಲ?"

"ಅಪ್ಪನ ಹೆಸರು ನನಗೆ ಸರಿಯಾಗಿ ಕೇಳಿಸ್ಲಿಲ್ಲ," ಎಂದೆ. "ಗಟ್ಟಿಯಾಗಿ ಓದು."

ಅವನ ಸೊಸೆಯರು ಸೊಪ್ಪಿನ ಬುಟ್ಟಿ ಹಿಡಿದುಕೊಂಡೇ ಬಾಗಿಲಿಗೆ ಬಂದು ನಿಂತರು. ಪಿಳ್ಳಪ್ಪ ಅವರನ್ನು ನೋಡಿದ, ನನ್ನನ್ನು ನೋಡಿದ. ಬೆರಳನ್ನು ಮತ್ತೆ ಮೊದಲ ಸಾಲಿಗೆ ತಂದಿಟ್ಟು, ಗಂಟಲು ಸರಿಮಾಡಿಕೊಂಡ. ಆ ಬೀದಿಯಲ್ಲಿ ಇನ್ನೂ ಹದಿನಾರು ಮನೆಗಳಿದ್ದವು.