ಭಾವನ ಗಡ್ಡ

ನೊರೆ ಹಚ್ಚಿದ್ದಾಗಿತ್ತು, ಕತ್ತಿ ಮಾತ್ರ ಭಾವನ ಗಲ್ಲ ಮುಟ್ಟಲು ಒಪ್ಪಲಿಲ್ಲ. ಭಾವಮೈದ ಅದನ್ನು ಮತ್ತೆ ಬಟ್ಟಲಿನ ಪಕ್ಕಕ್ಕಿಟ್ಟ.

ನಲವತ್ತು ವರ್ಷ ಊರವರ ಗಡ್ಡ ಬೋಳಿಸಿದವನು ಆಸ್ಪತ್ರೆಯಲ್ಲಿ ಬೆಳೆದ ಮೂರು ದಿನದ ಬಿಳಿ ಗಡ್ಡ ಹೊತ್ತು ಹೆಣವಾಗಿ ಮಂಚದ ಮೇಲೆ ಮಲಗಿದ್ದ. ಹೀಗೇ ಕಳಿಸುವುದಿಲ್ಲವೆಂದು ಅಕ್ಕ ಹಟ ಹಿಡಿದಿದ್ದಳು. ಬೇರೆ ಯಾರನ್ನಾದರೂ ಕರೆಸೋಣವೆಂದು ಅವಳ ಮಗ ಎರಡು ಸಲ ಹೇಳಿ ನೋಡಿದ್ದ. ಮಾವನ ಕೈಯನ್ನು ಅವನು ನಂಬುತ್ತಿರಲಿಲ್ಲ. ನಂಬುವಂಥದ್ದನ್ನು ಮಾವ ಮಾಡಿಯೂ ಇರಲಿಲ್ಲ. ಕುಡಿತ ಬಿಡಿಸುವ ಕೇಂದ್ರದಿಂದ ಬಂದು ಐದು ತಿಂಗಳಾದರೂ ಭಾವನ ಅಂಗಡಿಯಲ್ಲಿ ಅವನ ಕೆಲಸ ಕತ್ತರಿಯ ತನಕ ಮಾತ್ರ. ಕತ್ತಿ ಹಿಡಿಯುವ ಧೈರ್ಯ ತಿರುಗಿ ಬಂದಿರಲಿಲ್ಲ.

ಬಾಗಿಲಲ್ಲಿ ನಿಂತಿದ್ದ, ಭಾವನ ಅಂಗಡಿ ಪಕ್ಕದ ಗ್ಯಾರೇಜಿನವನು ಮೆಲ್ಲಗೆ ಅಂದ, "ಇನ್ನೂ ತಡ ಮಾಡಿದ್ರೆ ನಿನ್ನ ಭಾವ ಎದ್ದು ತಾನೇ ಮಾಡ್ಕೋತಾನೆ ನೋಡು."

ಅಳುತ್ತಿದ್ದ ಅಕ್ಕನಿಗೂ ನಗು ಬಂತು. ಭಾವಮೈದನಿಗೆ ಬರಲಿಲ್ಲ. ಒಂದೇ ಒಂದು ಗುಟುಕು ಬಿದ್ದರೆ ಈ ಕೈ ಕಲ್ಲಿನಂತೆ ನಿಲ್ಲುತ್ತದೆಂದು ಅವನಿಗೆ ಗೊತ್ತಿತ್ತು. ಬಾರು ಬೀದಿಯ ತಿರುವಿನಲ್ಲೇ ಇತ್ತು. ಈಗ ಬಂದೆ ಎಂದು ಎದ್ದ. ಎಲ್ಲಿಗೆಂದು ಯಾರೂ ಕೇಳಲಿಲ್ಲ. ಅದೇ ಹೆಚ್ಚು ಚುಚ್ಚಿತು.

* * *

ಇಪ್ಪತ್ತೆರಡು ವರ್ಷದ ಹಿಂದೆ ಭಾವನೂ ಅದೇ ಕೇಂದ್ರದಿಂದ ಬಂದವನು. ಭಾವಮೈದ ಕೇಂದ್ರದಿಂದ ಮನೆಗೆ ಬಂದ ದಿನ ಭಾವ ಅಂಗಡಿಯ ಕುರ್ಚಿ ಒರೆಸುತ್ತ ಆ ಕತೆ ಹೇಳಿದ್ದ.

"ಕೈ ನಡುಕ ನಿಂತ್ಮೇಲೆ ಕತ್ತಿ ಹಿಡಿಯೋಣ ಅಂತ ಕಾದೆ ಕಣೋ. ಅದು ನಿಲ್ಲಲೇ ಇಲ್ಲ. ಕತ್ತಿ ಹಿಡಿದ್ಮೇಲೆ ನಿಂತಿತು."

* * *

ಹೊಸ್ತಿಲ ತನಕ ಹೋದ ಭಾವಮೈದ ಅಲ್ಲೇ ನಿಂತ. ಆಮೇಲೆ ತಿರುಗಿ ಒಳಗೆ ಬಂದು ಬಿಸಿನೀರು ಕೇಳಿದ.

ಒಣಗಿದ ನೊರೆ ಒರೆಸಿ ಹೊಸದಾಗಿ ಹಚ್ಚಿದ. ಎಡಗೈಯಿಂದ ಚರ್ಮ ಬಿಗಿಹಿಡಿದ. ಮೊದಲ ಎಳೆತಕ್ಕೆ ಕತ್ತಿ ತಡವರಿಸಿತು. ನಿಲ್ಲಿಸಿದ, ಉಸಿರು ಬಿಟ್ಟ, ಮತ್ತೆ ಎಳೆದ. ಗದ್ದದ ಕೆಳಗೆ ಬರುವಷ್ಟರಲ್ಲಿ ಕೈಗೆ ತನ್ನ ಕೆಲಸ ನೆನಪಾಗಿತ್ತು.

"ಕಿವಿ ಹತ್ರ ಸ್ವಲ್ಪ ತಾಗಿತು ಅಕ್ಕಾ."

"ತಾಗ್ಲಿ ಬಿಡು. ಇವರೇನು ಕಮ್ಮಿ ಜನಕ್ಕೆ ತಾಗಿಸಿದಾರಾ?"

ಮುಖ ಒರೆಸಿದಾಗ ಭಾವ ಅಂಗಡಿ ತೆರೆಯಲು ಹೊರಟವನಂತೆ ಕಂಡ.

ಅಲ್ಲಿಯವರೆಗೆ ಗೋಡೆಗೊರಗಿ ನೋಡುತ್ತಿದ್ದ ಮಗ ಸ್ಟೂಲು ಎಳೆದುಕೊಂಡು ಬಂದು ಕೂತ. ಅಪ್ಪನ ಜೊತೆ ಆಸ್ಪತ್ರೆಯಲ್ಲೇ ಇದ್ದವನಿಗೂ ಗಡ್ಡ ಬೆಳೆದಿತ್ತು.

"ನಂದೂ ಮಾಡಿಬಿಡು ಮಾವ."

ಮಾವ ಹೊಸ ಬ್ಲೇಡು ಹಾಕಿ ನೊರೆ ಹಚ್ಚಿದ. ಹುಡುಗ ಕಣ್ಣು ಮುಚ್ಚಿ ಗದ್ದ ಮೇಲೆತ್ತಿದ. ತೆಳ್ಳನೆಯ ನೊರೆಯ ಕೆಳಗೆ ಅವನ ಕುತ್ತಿಗೆಯ ನರ ಮಿಡಿಯುತ್ತಿತ್ತು.