ರದ್ದಿ ಕಾಗದದಲ್ಲಿ ಸಾತಲಿಂಗಪ್ಪ ಹೇಳಿದ ಮಾತು

ರತ್ನಾಬಾಯಿಯ ಮನೆಯ ಬಂಬಕ್ಕೆ ಏನು ಹಾಕಿದರೂ ನಡೆಯುತ್ತಿತ್ತು. ಸ್ನಾನದ ನೀರು ಕಾಯಿಸುವ ಆ ತಾಮ್ರದ ಬಂಬಕ್ಕೆ ಕಟ್ಟಿಗೆಯೇ ಆಗಬೇಕೆಂದು ಇರಲಿಲ್ಲ. ಸೋಲಾಪುರದ ಅಕ್ಕಲಕೋಟ ರಸ್ತೆಯ ಎಂಐಡಿಸಿ ಕೈಗಾರಿಕಾ ವಸಾಹತಿನ ಒಂದು ಟಾವೆಲ್ ಕಾರ್ಖಾನೆಯಲ್ಲಿ ಆಕೆಗೆ ಅಂಚು ಹೊಲಿಯುವ ಕೆಲಸ. ಸಂಜೆ ಮನೆಗೆ ಬರುವಾಗ ಅಲ್ಲಿ ಬಿಸಾಕಿದ ರದ್ದಿಯನ್ನು ಚೀಲ ತುಂಬಿಕೊಂಡು ಬರುತ್ತಿದ್ದಳು. ಛಾಪು ತಪ್ಪಿದ ಲೇಬಲ್ಲು, ಬಣ್ಣದ ರಟ್ಟು, ಫಳಫಳ ಹೊಳೆಯುವ ಪ್ಲಾಸ್ಟಿಕ್ ಹಾಳೆ, ದಾರದ ಚಿಂದಿ. ಬೆಳಗಾಗುತ್ತಲೇ ಅದೆಲ್ಲ ಬಂಬದ ಹೊಟ್ಟೆಗೆ.

ನೀರೇನೋ ಕಾಯುತ್ತಿತ್ತು. ಆದರೆ ಕಪ್ಪು ಹೊಗೆ ಅಂಗಳ ತುಂಬಿ ಮನೆಯೊಳಗೆ ನುಗ್ಗುತ್ತಿತ್ತು. ಬಾಗಿಲ ಹತ್ತಿರ ಕುರ್ಚಿಯ ಮೇಲೆ ಕೂತ ಅವಳ ಗಂಡ ಸಾತಲಿಂಗಪ್ಪ ಕೆಮ್ಮಿ ಕೆಮ್ಮಿ ಹಣ್ಣಾಗುತ್ತಿದ್ದ.

ಸಾತಲಿಂಗಪ್ಪ ಇಪ್ಪತ್ತಾರು ವರ್ಷ ಪವರ್‌ಲೂಮಿನಲ್ಲಿ ಚಾದರ ನೇಯ್ದವನು. ಮಗ್ಗಗಳ ಸದ್ದಿನ ನಡುವೆ ಹತ್ತು ಜನಕ್ಕೆ ಕೇಳುವ ಹಾಗೆ ಮಾತಾಡಿ ನಗಿಸುತ್ತಿದ್ದವನು. ಒಂಬತ್ತು ತಿಂಗಳ ಹಿಂದೆ ಅವನಿಗೆ ಲಕ್ವಾ ಹೊಡೆಯಿತು. ಬಲಗೈ ಬಿತ್ತು. ಅದರ ಜೊತೆ ಮಾತೂ ಹೋಯಿತು. ಬಾಯಿಂದ ಹೊರಡುತ್ತಿದ್ದುದು ಒಂದೇ ಶಬ್ದ, "ಹಾಂ." ಊಟ ಬೇಕಾ ಅಂದರೂ ಹಾಂ, ಬೇಡವಾ ಅಂದರೂ ಹಾಂ.

ಒಂದು ದಿನ ಬೆಳಿಗ್ಗೆ ಓಣಿಯ ಆಶಾ ಕಾರ್ಯಕರ್ತೆ ಪೂನಮ ಬಿ.ಪಿ. ನೋಡಲು ಬಂದಳು. ಬಾಗಿಲಲ್ಲೇ ಸೆರಗಿನಿಂದ ಮೂಗು ಮುಚ್ಚಿಕೊಂಡಳು.

"ರತ್ನಾಕಾಕು, ಏನ ಸುಡಾಕತ್ತೀರಿ? ಕಾಕಾ ನೋಡ್ರಿ, ಹೆಂಗ ಕೆಮ್ಮಾಕತ್ತಾರ!"

"ರದ್ದಿ ಐತವ್ವ. ಪುಕಟ ಸಿಗತೈತಿ. ಕಟಗಿ ಎಲ್ಲಿಂದ ತರ್ಲಿ?"

"ರದ್ದಿಯೊಳಗ ಪ್ಲಾಸ್ಟಿಕ್ ಐತಿ, ಬಣ್ಣ ಐತಿ. ಅದರ ಹೊಗಿ ಎದಿಯೊಳಗ ಹೋದರ ಚಲೋ ಮಂದಿಗೂ ತ್ರಾಸು. ಕಾಕಾಗ ಅಂತೂ ಆಗೂದ ಇಲ್ಲ." ಪೂನಮ ಚೀಲದೊಳಗೆ ಕೈ ಹಾಕಿ ಒಂದು ಹಿಡಿ ಲೇಬಲ್ ತೆಗೆದಳು. ಕೆಂಪು, ಹಸಿರು, ಬಂಗಾರದ ಬಣ್ಣ. "ಅಯ್ಯ, ಎಷ್ಟ ಮಸ್ತ ಅದಾವ! ಇವನ್ನ ನಮಗ ಕೊಡ್ರಿ. ನಮ್ಮ ಬಚತ ಗಟದ, ಅದ ಉಳಿತಾಯ ಸಂಘದ ಹೆಣ್ಮಕ್ಳು ಓಣಿ ಸಮಾಜ ಮಂದಿರದಾಗ ಕೂತ ಕೊಲಾಜ್ ಮಾಡಾಕತ್ತೀವಿ."

"ಏನದು, ತಿನ್ನೂದೇನ?"

ಪೂನಮ ನಕ್ಕಳು. "ಅಲ್ರಿ ಕಾಕು. ಹಳಿ ಸೀರಿ ತುಣುಕ ಕೂಡಿಸಿ ಕೌದಿ ಹೊಲಿಯೂದಿಲ್ಲೇನ? ಹಂಗ ಇದು. ಹಳಿ ಪೇಪರ, ಲಗ್ನಪತ್ರಿಕಿ, ಕ್ಯಾಲೆಂಡರ, ರಟ್ಟು, ಚಿಂದಿ, ಏನ ಸಿಗತೈತಿ ಅದನ್ನ ಹರದು ಅಂಟಿಸಿ ಚಿತ್ರಾ ಮಾಡೂದು. ಕಾಕಾನೂ ಮಾಡ್ಲಿ."

ರತ್ನಾಬಾಯಿಗೆ ಸಿಟ್ಟೇ ಬಂತು. "ಒಂಬತ್ತ ತಿಂಗಳಾತು, ನಾನ ತುತ್ತು ಮಾಡಿ ಉಣಸಾಕತ್ತೀನಿ. ಅವ್ರು ಚಿತ್ರಾ ತಗೀತಾರ? ಹುಡುಗೂರ ಆಟ ಹೇಳಬ್ಯಾಡ."

"ಎಡಗೈ ಚಲೋ ಐತೆಲ್ಲ ಕಾಕು! ಡಾಕ್ಟರು ಏನಂದ್ರು, ನೆನಪಿಲ್ಲೇನ? ಕಾಕಾಗ ಎಲ್ಲಾ ತಿಳಿತೈತಿ, ಶಬ್ದ ಅಷ್ಟ ಹೊರಗ ಬರೂದಿಲ್ಲ. ಇದೇನ ಔಷಧ ಅಲ್ಲ. ಗುಳಿಗಿ ನಡೀಲಿ, ಕೈಕಾಲಿನ ವ್ಯಾಯಾಮ ನಡೀಲಿ. ಇದೂ ಒಂದ ನಡೀಲಿ."

ಒಪ್ಪಿಗೆ ಸಿಗುವ ಮೊದಲೇ ಪೂನಮ ಅಡಿಗೆಮನೆಗೆ ಹೋಗಿ ಅಂಟು ಕಾಯಿಸಿಯೂ ಬಿಟ್ಟಳು. ಎರಡು ಚಮಚ ಮೈದಾ, ಒಂದು ವಾಟಿ ನೀರು. ಗಂಟು ಆಗದ ಹಾಗೆ ಕಲಸಿ, ಸಣ್ಣ ಉರಿಯಲ್ಲಿ ತಿರುವುತ್ತ ಗಟ್ಟಿ ಮಾಡಿದಳು. ಹುಳಿಯಾಗದಿರಲಿ ಅಂತ ಒಂದು ಚಿಟಿಕೆ ಪಟಿಕದ ಪುಡಿ ಹಾಕಿದಳು. ಒಂದು ರಟ್ಟು, ಲೇಬಲ್ಲಿನ ರಾಶಿ, ಅಂಟಿನ ವಾಟಿ, ಮೂರನ್ನೂ ಸಾತಲಿಂಗಪ್ಪನ ಮುಂದೆ ಸ್ಟೂಲಿನ ಮೇಲೆ ಇಟ್ಟು ಹೋದಳು.

ಆ ಸಂಜೆ ರತ್ನಾಬಾಯಿ ಕೆಲಸದಿಂದ ಬಂದು ನೋಡುತ್ತಾಳೆ, ಮನೆ ತುಂಬ ಕಾಗದದ ಚೂರು! ಹಾಸಿಗೆ ಮೇಲೆ ಚೂರು, ನೀರಿನ ಕೊಡದ ಮೇಲೆ ಚೂರು, ಗಂಡನ ಮೀಸೆಗೆ ಅಂಟು.

"ಏನಿದು ಅವತಾರ! ಇಡೀ ದಿನ ದುಡದು ಬಂದು ಇದನ್ನೂ ನಾನ ಬಳೀಬೇಕೇನ್ರಿ?" ಎಂದು ಕಸಬರಿಗೆ ಎತ್ತಿಕೊಂಡಳು.

ಸಾತಲಿಂಗಪ್ಪ ರಟ್ಟನ್ನು ಎಡಗೈಯಿಂದ ಎತ್ತಿ ಅವಳ ಕಡೆ ತಿರುಗಿಸಿದ. ಅವಳ ಕೈಯ ಕಸಬರಿಗೆ ಅಲ್ಲೇ ನಿಂತಿತು. ಕಾಗದವನ್ನು ಮೊಣಕಾಲಿನ ಕೆಳಗೆ ಒತ್ತಿ ಹಿಡಿದು, ಎಡಗೈಯಿಂದ ಉದ್ದುದ್ದ ಪಟ್ಟಿ ಹರಿದಿದ್ದ. ಕೆಂಪು ಪಟ್ಟಿ ಅಡ್ಡ, ಹಸಿರು ಪಟ್ಟಿ ಉದ್ದ. ಒಂದರ ಮೇಲೆ ಒಂದು, ಒಂದರ ಕೆಳಗೆ ಒಂದು. ಅಂಚು ವಕ್ರವಾಗಿತ್ತು, ನಡುವೆ ಒಂದೆರಡು ಕಡೆ ತಪ್ಪಿತ್ತು. ಆದರೂ ಅದು ಚಾದರವೇ. ಎರಡು ಅಂಗೈಯಷ್ಟು ದೊಡ್ಡ ಚಾದರ.

"ನೀವ ನೇಯ್ದಿರೇನ್ರಿ ಇದನ್ನ?"

"ಹಾಂ!" ಅಂದ ಸಾತಲಿಂಗಪ್ಪ. ಆಮೇಲೆ ನಕ್ಕ. ಬಾಯಿ ಒಂದು ಕಡೆಗೆ ಸೊಟ್ಟಾಗಿತ್ತು, ಆದರೆ ಮೊದಲಿನ ಹಾಗೆಯೇ ಹೊಟ್ಟೆಯಿಂದ ಬಂದ ನಗು. ರತ್ನಾಬಾಯಿ ಆ ನಗು ಕೇಳಿ ಒಂಬತ್ತು ತಿಂಗಳಾಗಿತ್ತು. ಕಸ ಬಳಿಯುವ ನೆವದಲ್ಲಿ ಮುಖ ಆ ಕಡೆ ತಿರುಗಿಸಿ ಕಣ್ಣು ಒರೆಸಿಕೊಂಡಳು. ಮರುದಿನ ಬಂಬಕ್ಕೆ ರದ್ದಿ ಹಾಕಲಿಲ್ಲ. ಪಕ್ಕದ ಬಡಗಿಯ ಅಂಗಡಿಯಿಂದ ಕಟ್ಟಿಗೆ ತುಂಡು ಕೇಳಿ ತಂದಳು.

ಆದರೆ ಮನೆಯಲ್ಲಿ ಬೇರೊಂದು ಮಾತು ಆಗಲೇ ನಿಶ್ಚಯವಾಗಿತ್ತು. ಸಾತಲಿಂಗಪ್ಪನ ಅಣ್ಣ ನಾಗಪ್ಪ ಅವರ ಹಳ್ಳಿ ಭಂಡಾರಕವಠೆಯಲ್ಲಿ ಇರುವವನು. ತಮ್ಮನನ್ನು ಊರಿಗೆ ಕರೆದುಕೊಂಡು ಹೋಗಿ ತಾನೇ ನೋಡಿಕೊಳ್ಳುತ್ತೇನೆ ಅಂದಿದ್ದ. ರತ್ನಾಬಾಯಿ ಕಾರ್ಖಾನೆಗೆ ಹೋದರೆ ಹಗಲೆಲ್ಲ ಇವನು ಒಬ್ಬನೇ. ಬಿದ್ದರೆ ಎತ್ತುವವರು ಯಾರು? ಫೋನಿನಲ್ಲಿ ನಾಗಪ್ಪ ತಮ್ಮನನ್ನೇ ಕೇಳಿದ್ದ, "ಊರಿಗಿ ಬರ್ತೀಯೇನೋ ಸಾತ್ಯಾ?"

"ಹಾಂ," ಅಂದಿದ್ದ ಸಾತಲಿಂಗಪ್ಪ.

ರತ್ನಾಬಾಯಿಗೆ ಅವನನ್ನು ಕಳಿಸುವ ಮನಸ್ಸಿರಲಿಲ್ಲ. ಆದರೆ ಅವನೇ ಹಾಂ ಅಂದ ಮೇಲೆ ತಾನೇನು ಹೇಳುವುದು? ಬೇಸ್ತವಾರಕ್ಕೆ ಹೋಗುವುದು ಅಂತಾಯಿತು.

ಬುಧವಾರ ಸಂಜೆ ಆಕೆ ಅವನ ಧೋತರ, ಅಂಗಿ, ಗುಳಿಗೆ ಎಲ್ಲ ಚೀಲಕ್ಕೆ ತುಂಬುತ್ತಿದ್ದಳು. ಸಾತಲಿಂಗಪ್ಪ ಹೊಸ ರಟ್ಟಿನ ಮೇಲೆ ಏನೋ ಅಂಟಿಸುತ್ತ ಕೂತಿದ್ದ. ನಡುನಡುವೆ "ಹಾಂ, ಹಾಂ" ಎಂದು ಅವಳನ್ನು ಕರೆದ. "ಆಮ್ಯಾಲ ನೋಡ್ತೀನ್ರಿ, ಕೆಲಸ ಐತಿ," ಅಂದಳು. ಅವನು ಅಂಗೈಯಿಂದ ರಟ್ಟನ್ನು ಬಡಿದ. ಅಂಟಿನ ವಾಟಿ ಉರುಳಿ ಬಿತ್ತು. ಸಿಟ್ಟು ಯಾಕೆಂದು ಅವಳಿಗೆ ತಿಳಿಯಲಿಲ್ಲ.

ಬೇಸ್ತವಾರ ಮುಂಜಾನೆ ನಾಗಪ್ಪ ಬಂದ. ಶೇಂಗಾ ಚಟ್ನಿ, ಕಡಕ್ ರೊಟ್ಟಿ ಗಂಟು ಕಟ್ಟಿಕೊಂಡು ಬಂದಿದ್ದ. ಚಹಾ ಆಯಿತು. ಅಷ್ಟರಲ್ಲಿ ಬಿ.ಪಿ. ನೋಡಲು ಪೂನಮಳೂ ಬಂದಳು. ಎಲ್ಲರೂ ಕೂತಾಗ ಸಾತಲಿಂಗಪ್ಪ ರಟ್ಟನ್ನು ಎತ್ತಿ ಅಣ್ಣನ ತೊಡೆಯ ಮೇಲೆ ಇಟ್ಟ.

ಚಿತ್ರದಲ್ಲಿ ಒಂದು ಮನೆ. ಪೇಪರಿನ ಜಾಹೀರಾತಿನಿಂದ ಹರಿದ ಬಾಗಿಲು, ಲಗ್ನಪತ್ರಿಕೆಯ ಬಂಗಾರದ ಹೊಸ್ತಿಲು. ಒಳಗೆ ಹಸಿರು ಲೇಬಲ್ಲಿನ ಸೀರೆ ಉಟ್ಟ ಹೆಂಗಸು. ಪಕ್ಕದಲ್ಲಿ ಕಂದು ರಟ್ಟಿನ ಕುರ್ಚಿ, ಅದರ ಮೇಲೆ ಒಂದೇ ಕೈ ಇರುವ ಗಂಡಸು. ಮೂಲೆಯಲ್ಲಿ ಪೇಪರಿನಿಂದ ಹರಿದ ಕೆಂಪು ಎಸ್.ಟಿ. ಬಸ್ಸು, ಗಾಲಿ ಮೇಲಾಗಿ.

ನಾಗಪ್ಪನಿಗೆ ಖುಷಿಯಾಯಿತು. "ನೋಡ ತಂಗಿ, ಬಸ್ಸ ಹಚ್ಯಾನ! ಊರಿಗಿ ಬರಾಕ ತಾನ ತಯಾರ ಆಗ್ಯಾನ."

"ಭಾವಾರ, ಬಸ್ಸ ಉಲ್ಟಾ ಐತ್ರಿ," ಅಂದಳು ರತ್ನಾಬಾಯಿ.

"ಒಂದ ಕೈಲೆ ಹಚ್ಯಾನ, ಉಲ್ಟಾ ಆಗಿರಬೇಕು ಬಿಡು." ನಾಗಪ್ಪ ರಟ್ಟನ್ನೇ ತಿರುಗಿಸಿ ಬಸ್ಸನ್ನು ನೆಟ್ಟಗೆ ಮಾಡಿದ. ಈಗ ಮನೆ ತಲೆಕೆಳಗಾಯಿತು.

ಸಾತಲಿಂಗಪ್ಪ ರಟ್ಟನ್ನು ಕಿತ್ತುಕೊಂಡ. ಒಂದು ಕಪ್ಪು ಪಟ್ಟಿಯನ್ನು ಅಂಟಿನಲ್ಲಿ ಅದ್ದಿ, ಎಲ್ಲರ ಎದುರಿಗೇ ಬಸ್ಸಿನ ಮೇಲೆ ಅಡ್ಡ ಅಂಟಿಸಿದ. ಅದರ ಮೇಲೆ ಇನ್ನೊಂದು. ಆಮೇಲೆ ಎಡಗೈಯನ್ನು ಮನೆಯ ಮೇಲೆ ಇಟ್ಟು ರತ್ನಾಬಾಯಿಯ ಮುಖ ನೋಡಿದ.

ಅವಳು ಅವನ ಹತ್ತಿರ ಸರಿದಳು. "ನಿಮಗ ಹೋಗೂದು ಬ್ಯಾಡೇನ್ರಿ? ಇಲ್ಲೇ ಇರ್ತೀರೇನ್ರಿ?"

ಅವನು ಮನೆಯ ಮೇಲಿಟ್ಟ ಕೈ ತೆಗೆಯಲಿಲ್ಲ.

"ಹಂಗಾರ ಅವತ್ತ ಫೋನಿನ್ಯಾಗ ಹಾಂ ಅಂತ ಯಾಕಂದ್ರಿ?"

"ಹಾಂ," ಅಂದ ಸಾತಲಿಂಗಪ್ಪ.

ನಾಗಪ್ಪನಿಗೆ ನಗು ತಡೆಯಲಾಗಲಿಲ್ಲ. ರತ್ನಾಬಾಯಿ ಅಳುತ್ತಲೇ ನಕ್ಕಳು. ಸಾತಲಿಂಗಪ್ಪ ಇಬ್ಬರಿಗಿಂತ ಜೋರಾಗಿ ನಕ್ಕ.

ಪೂನಮ ಹೇಳಿದಳು, "ಈ ಬ್ಯಾನಿಯೊಳಗ ಹಿಂಗ ಆಗತೈತ್ರಿ. ಬ್ಯಾಡ ಅನ್ನೂದು ಮನಸಿನ್ಯಾಗ ಇದ್ರೂ ಬಾಯಿಂದ ಹಾಂ ಅಂತ ಬರತೈತಿ. ಅದಕ್ಕ ಚಿತ್ರಾ ತೋರ್ಸಿ ಕೇಳ್ಬೇಕು, ಕೈ ಎಲ್ಲಿ ಇಡ್ತಾರ ನೋಡ್ಬೇಕು."

"ಆದರ ಹಗಲಿನ್ಯಾಗ ಇವನ ಹಂತ್ಯಾಕ ಇರೂದು ಯಾರವ್ವ?" ನಾಗಪ್ಪನ ಚಿಂತೆ ಸುಳ್ಳಾಗಿರಲಿಲ್ಲ.

"ಸಮಾಜ ಮಂದಿರಕ್ಕ ಬರ್ಲಿ. ಸಂಜಿತನ ನಮ್ಮ ಗಟದವ್ರು ಒಬ್ಬರಿಲ್ಲ ಒಬ್ಬರು ಇರ್ತಾರ. ಕಾಕಾನಂಥವ್ರು ಇನ್ನ ಮೂರು ಮಂದಿ ಬರ್ತಾರ. ಕೂತ ಅಂಟಸ್ತಾರ, ಚಹಾ ಕುಡೀತಾರ. ನಾ ದಿನಾ ಬಂದು ಕರಕೊಂಡ ಹೋಗ್ತೀನಿ."

ನಾಗಪ್ಪ ತಮ್ಮನ ಬೆನ್ನು ತಟ್ಟಿದ. "ಆಗಲೆಪಾ. ನೀ ಬಸ್ಸಿಗಿ ಅಡ್ಡ ಪಟ್ಟಿ ಹೊಡದಮ್ಯಾಲ ನಾ ಒಬ್ಬನ ಹೋಗ್ತೀನಿ. ಊರಾಗಿನ ಹಳಿ ಲಗ್ನಪತ್ರಿಕಿ ಎಲ್ಲಾ ಕೂಡಿಸಿ ತಂದ ಕೊಡ್ತೀನಿ." ಕೊಟ್ಟ ಮಾತಿನಂತೆ ಹದಿನೈದು ದಿನಕ್ಕೆ ಒಂದು ಚೀಲ ತಂದೂ ಕೊಟ್ಟ. ಅದರಲ್ಲಿ ಕನ್ನಡದವೂ ಇದ್ದವು, ಮರಾಠಿಯವೂ ಇದ್ದವು. ಓದಲು ಬಾರದವರಿಗೂ ಎಲ್ಲ ಅಕ್ಷರ ಚೆಂದ ಕಾಣುತ್ತಿದ್ದವು.

ರತ್ನಾಬಾಯಿ ಈಗ ಕಾರ್ಖಾನೆಯ ರದ್ದಿಯನ್ನು ಮೊದಲಿಗಿಂತ ಹೆಚ್ಚು ತರುತ್ತಾಳೆ. ಬಣ್ಣಬಣ್ಣ ಬೇರೆ ಮಾಡಿ ಚೀಲ ಕಟ್ಟುತ್ತಾಳೆ. ಜೊತೆಯ ಹೆಣ್ಣುಮಕ್ಕಳು ಏನಕ್ಕ ಇದು ಅಂತ ಕೇಳಿದರೆ, ಬೇಡ ಅಂದರೂ ಬಿಡದೆ ಅರ್ಧ ತಾಸು ಹೇಳುತ್ತಾಳೆ. ಆದಿತ್ಯವಾರ ಬಂತೆಂದರೆ ತಾನೂ ಒಂದು ರಟ್ಟು ಹಿಡಿದು ಗಂಡನ ಪಕ್ಕ ಕೂರುತ್ತಾಳೆ. ಅವಳ ಪಟ್ಟಿ ಅವನಿಗೆ ಸರಿ ಕಾಣದಿದ್ದರೆ ಕಿತ್ತು ತಾನೇ ಅಂಟಿಸುತ್ತಾನೆ. ಅದಕ್ಕೆ ಜಗಳವೂ ಆಗುತ್ತದೆ.

ಚಳಿಗಾಲದಲ್ಲಿ ಅಕ್ಕಲಕೋಟದ ಮಹಿಳಾ ಗಟದವರು ಇವರನ್ನು ಕರೆದರು. ಚಿತ್ರ ತೋರಿಸಿ, ಅದಲುಬದಲು ಮಾಡಿಕೊಳ್ಳೋಣ ಅಂದರು. ಎಲ್ಲರೂ ಎಸ್.ಟಿ. ಹತ್ತಿದರು. ಸಾತಲಿಂಗಪ್ಪನೂ ಈ ಸಲ ತಾನಾಗಿಯೇ ಎದ್ದು ನಿಂತ. ಅಲ್ಲಿಯ ಶಾಲೆಯ ಪಡಸಾಲೆಯಲ್ಲಿ ಹಗ್ಗ ಕಟ್ಟಿ, ಬಟ್ಟೆ ಒಣಗಿಸುವ ಚಿಮಟಿಗೆಯಿಂದ ಚಿತ್ರಗಳನ್ನು ತೂಗುಹಾಕಿದರು. ಸೂಜಿ-ದಾರದಿಂದ ಹೊಲಿದ ಕಾಗದದ ನವಿಲು, ಗುಳಿಗೆ ಪಾಕೀಟಿನ ಮೀನು, ಸಾತಲಿಂಗಪ್ಪನ ಮೂರು ಚಾದರ. ಜನ ಬಂದು ನೋಡಿ, "ಅಯ್ಯ, ಇದು ನಮ್ಮ ಬಿಸ್ಕೀಟಿನ ಪುಡಾ!" ಎಂದು ನಗುತ್ತಿದ್ದರು.

ಪಡಸಾಲೆಯ ಮೂಲೆಯಲ್ಲಿ ಗುರುಲಿಂಗಮ್ಮ ಎಂಬ ಮುದುಕಿ ಕೂತಿದ್ದಳು. ಮೂವತ್ತು ವರ್ಷ ಖಾನಾವಳಿಗೆ ರೊಟ್ಟಿ ಬಡಿದವಳು. ಎರಡು ವರ್ಷದಿಂದ ಅವಳಿಗೂ ಲಕ್ವಾ, ಅವಳಿಗೂ ಮಾತಿಲ್ಲ. "ನಮ್ಮ ಅತ್ತಿಯವ್ರಿಗಿ ಏನೂ ತಿಳಿಯೂದಿಲ್ರಿ, ಸುಮ್ಮ ಕರಕೊಂಡ ಬಂದೀನಿ," ಅಂದಳು ಜೊತೆಗಿದ್ದ ಸೊಸೆ.

ಸಾತಲಿಂಗಪ್ಪ ಅದನ್ನು ಕೇಳಿದ. ಮೆಲ್ಲಗೆ ಕಾಲೆಳೆಯುತ್ತ ಹೋಗಿ, ತನ್ನ ಚೀಲದಲ್ಲಿದ್ದ ಚೂರುಗಳನ್ನೆಲ್ಲ ಅವಳ ಮಡಿಲಿಗೆ ಸುರಿದ. ಒಂದು ರಟ್ಟು, ಅಂಟಿನ ವಾಟಿ ಇಟ್ಟ. ಎದುರಿಗೆ ನೆಲದ ಮೇಲೆ ಕೂತ.

ಗುರುಲಿಂಗಮ್ಮ ಮಡಿಲಿನ ಚೂರುಗಳನ್ನು ಕೆದಕಿ ನೋಡಿದಳು. ಆಮೇಲೆ ಒಂದು ಕಂದು ಕಾಗದ ತೆಗೆದುಕೊಂಡು ಹಲ್ಲಿನಲ್ಲಿ ಕಚ್ಚಿ ಹಿಡಿದು, ಗುಂಡಗೆ ಹರಿದಳು. ಅಂಟಿಸಿದಳು. ಅದರ ಮೇಲೆ ಇನ್ನೊಂದು ಗುಂಡು. ಮತ್ತೆ ಇನ್ನೊಂದು. ಒಂದರ ಮೇಲೊಂದು ಏರುತ್ತಲೇ ಹೋಯಿತು.

ಸೊಸೆ ಬಗ್ಗಿ ನೋಡಿ ಕೂಗಿಬಿಟ್ಟಳು, "ಅತ್ತಿ! ರೊಟ್ಟಿ ಏನ್ರಿ ಇವು?"

ಗುರುಲಿಂಗಮ್ಮ ಇದ್ದ ನಾಲ್ಕು ಹಲ್ಲು ತೋರಿಸಿ ನಕ್ಕು, ಇನ್ನೂ ಒಂದು ರೊಟ್ಟಿ ಹರಿಯತೊಡಗಿದಳು. ಸೊಸೆ ಎರಡೂ ಕೈಯಿಂದ ರಟ್ಟು ಹಿಡಿದುಕೊಂಡು ಅಲ್ಲೇ ಕೂತಳು.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ರದ್ದಿ ಇದೆ. ಪ್ಲಾಸ್ಟಿಕ್ ಆಗಲಿ, ಬಣ್ಣದ ಕಾಗದ ಆಗಲಿ ಒಲೆಗೆ ಹಾಕಬೇಡಿ. ಒಂದು ಚೀಲ ತೂಗುಹಾಕಿ ಅದರಲ್ಲಿ ಕೂಡಿಸಿ. ಹಸಿ ಆದದ್ದು, ಎಣ್ಣೆ ಹತ್ತಿದ್ದು ಬಿಟ್ಟು ಉಳಿದದ್ದೆಲ್ಲ ಬರುತ್ತದೆ. ಕತ್ತರಿ ಬೇಕಿಲ್ಲ, ಬಣ್ಣ ಕೊಳ್ಳಬೇಕಿಲ್ಲ, ಚಿತ್ರ ಬರೆಯಲು ಬರಬೇಕು ಅಂತಲೂ ಇಲ್ಲ. ಮಾಡಿದ್ದನ್ನು ಪೆಟ್ಟಿಗೆಯಲ್ಲಿ ಮುಚ್ಚಿಡಬೇಡಿ, ನೆರೆಮನೆಗೆ ಕೊಡಿ, ಅವರದು ನೀವು ತನ್ನಿ. ಮತ್ತೆ ನಿಮ್ಮ ಮನೆಯಲ್ಲಿ ಮಾತು ನಿಂತು ಮೂಲೆ ಹಿಡಿದವರು ಯಾರಾದರೂ ಇದ್ದರೆ, ಗುಳಿಗೆ, ವ್ಯಾಯಾಮ ತಪ್ಪಿಸಬೇಡಿ. ಈ ಆದಿತ್ಯವಾರ ಅವರ ಮುಂದೆ ಒಂದು ರಟ್ಟು, ಒಂದು ಹಿಡಿ ಚೂರು, ಒಂದು ವಾಟಿ ಮೈದಾ ಅಂಟು ಇಡಿ. ಇಟ್ಟು ಎದ್ದು ಹೋಗಬೇಡಿ, ಹತ್ತಿರ ಕೂತು ನೋಡಿ. ಅವರಿಗೆ ಹೇಳುವುದು ಬಹಳ ಇದೆ.